ತಾಲೀಮಿನ ಗೆಲವೂ ಕಣದ ಪರೀಕ್ಷೆಯೂ

ಆಟದ ಋತು ಸಮೀಪಿಸಿತೆಂದರೆ ಭವಿಷ್ಯ ನುಡಿಯುವವರ ಸಂಖ್ಯೆ ಪಂಚಾಂಗ ಬರೆಯುವವರ ಸಂಖ್ಯೆಯನ್ನು ಮೀರುವದು. ಯಾವ ತಂಡ ಏರುವದು, ಯಾವದು ಇಳಿಯುವದು, ಯಾರ ಕೈಗೆ ಕಪ್ಪು ಸೇರುವದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರಗಳು ಮೊದಲ ಚೆಂಡು ಏಳುವದಕ್ಕೆ ಮುಂಚೆಯೇ ಸಿದ್ಧವಾಗಿರುತ್ತವೆ. ಇದಕ್ಕೆಲ್ಲ ಆಧಾರವೇನೆಂದು ಕೇಳಿದರೆ, ಋತುವಿಗೆ ಮುಂಚೆ ಆಡಿದ ಎರಡು ಮೂರು ಸಿದ್ಧತೆಯ ಪಂದ್ಯಗಳನ್ನು ತೋರಿಸುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಸುವ ಈ ರೀತಿಯು ಕುಸ್ತಿಯನ್ನು ಬಲ್ಲ ನಮ್ಮ ಸೀಮೆಯ ಜನರಿಗೆ ವಿಚಿತ್ರವಾಗಿ ಕಾಣದಿರದು. ತಾಲೀಮಿನಲ್ಲಿ ಹತ್ತು ಮಂದಿಯನ್ನು ಚಿತ್ತು ಮಾಡಿದ ಪೈಲವಾನನು ಜಾತ್ರೆಯ ಕಣದಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಂಡು ಏಳುವದನ್ನು ಅವರು ಅನೇಕ ಸಲ ನೋಡಿದ್ದಾರೆ.

ಇಂದು ಈ ಮಾತನ್ನು ಎತ್ತಲು ಕಾರಣವಿದೆ. ರಗ್ಬಿ ಆಟದ ಮುಂದಿನ ವಿಶ್ವಕಪ್ಪು ೨೦೨೭ರಲ್ಲಿ ಆಸ್ಟ್ರೇಲಿಯದಲ್ಲಿ ಗೊತ್ತಾಗಿದೆ. ಅದರಲ್ಲಿ ಫಿಜಿ ದ್ವೀಪಗಳ ತಂಡದ ಭವಿತವ್ಯವೇನೆಂಬ ಚರ್ಚೆಯು ಆ ಆಟದ ಅಭಿಮಾನಿಗಳಲ್ಲಿ ಬಹಳವಾಗಿ ನಡೆಯುತ್ತದೆ. ಒಂದು ಪಕ್ಷದವರು ಆ ತಂಡವನ್ನು ಈಗಲೇ ಉಪಾಂತ್ಯ ಪಂದ್ಯಕ್ಕೆ ಏರಿಸಿದ್ದಾರೆ. ಇನ್ನೊಂದು ಪಕ್ಷದವರು ಅದು ಚಂದವಾಗಿ ಆಡಿ ಸೋಲತಕ್ಕ ತಂಡವೆಂದು ನಕ್ಕುಬಿಡುತ್ತಾರೆ. ಎರಡೂ ಪಕ್ಷಗಳು ೨೦೨೩ರ ಆಗಸ್ಟ್ ತಿಂಗಳಿನಿಂದ ಅಕ್ಟೋಬರದ ವರೆಗಿನ ಇತಿಹಾಸವನ್ನು ಸರಿಯಾಗಿ ಓದಿಲ್ಲವೆಂಬದು ನಮ್ಮ ಅಭಿಪ್ರಾಯ.

ರಗ್ಬಿಯು ನಮ್ಮ ಆಟವಲ್ಲ, ಫಿಜಿಯು ನಮ್ಮ ನೆರೆಯದಲ್ಲ, ಈ ಚರ್ಚೆ ನಮಗೇತಕ್ಕೆಂದು ಕೆಲವರು ಕೇಳಬಹುದು. ಇಂಗ್ಲೆಂಡ ಮತ್ತು ಸ್ಕಾಟ್ಲೆಂಡ ತಂಡಗಳು ೧೮೭೯ರಿಂದ ಯಾವ ಕಪ್ಪಿಗಾಗಿ ಸೆಣಸುತ್ತ ಬಂದಿವೆಯೋ ಅದರ ಹೆಸರು ಕಲಕತ್ತಾ ಕಪ್ಪು. ಕಲಕತ್ತೆಯಲ್ಲಿದ್ದ ಆಂಗ್ಲರ ರಗ್ಬಿ ಕ್ಲಬ್ಬು ಮುಚ್ಚಿದಾಗ ಅದರ ಖಾತೆಯಲ್ಲಿ ಉಳಿದಿದ್ದ ೨೭೦ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಆ ಕಪ್ಪನ್ನು ಮಾಡಿಸಿದರು. ಅದರ ಹಿಡಿಕೆಗಳು ನಾಗರಹಾವುಗಳು, ಮುಚ್ಚಳದ ಮೇಲೆ ಆನೆ. ಇನ್ನು ಫಿಜಿಯ ಮಾತು. ೧೮೭೯ರಿಂದ ೧೯೧೬ರ ವರೆಗೆ ಸುಮಾರು ಅರವತ್ತು ಸಾವಿರ ಭಾರತೀಯರನ್ನು ಕರಾರಿನ ಕೂಲಿಗಳನ್ನಾಗಿ ಆ ದ್ವೀಪಗಳ ಕಬ್ಬಿನ ತೋಟಗಳಿಗೆ ಒಯ್ದರು. ೧೯೦೩ರಿಂದ ಮದ್ರಾಸ ಬಂದರದಿಂದಲೂ ಹಡಗುಗಳು ಹೊರಟವು. ಆ ಪದ್ಧತಿಯನ್ನು ಕಿತ್ತೊಗೆಯಬೇಕೆಂದು ಗೋಪಾಲಕೃಷ್ಣ ಗೋಖಲೆಯವರು ೧೯೧೨ರಲ್ಲಿ ಶಾಸನಸಭೆಯಲ್ಲಿ ಠರಾವು ಮಂಡಿಸಿದರು. ಆಂಡ್ರೂಸ್ ಸಾಹೇಬರು ೧೯೧೫ರಲ್ಲಿ ಅಲ್ಲಿಗೇ ಹೋಗಿ ಕೂಲಿಗಳ ಸ್ಥಿತಿಯನ್ನು ಕಣ್ಣಾರೆ ನೋಡಿ ಬಂದರು. ಅಲ್ಲಿಯ ರಗ್ಬಿ ತಂಡದಲ್ಲಿ ಮೂಲನಿವಾಸಿಗಳೇ ಹೆಚ್ಚು. ಭಾರತೀಯ ಸಂತತಿಯವರು ಕಾಲ್ಚೆಂಡನ್ನೇ ಹೆಚ್ಚಾಗಿ ಆಡುತ್ತಾರೆ. ಆದರೂ ಆ ದೇಶದ ಏಳ್ಗೆ-ಬೀಳ್ಗೆಗಳು ನಮ್ಮವರ ಏಳ್ಗೆ-ಬೀಳ್ಗೆಗಳೂ ಆಗಿವೆ. ಅದಲ್ಲದೆ ೨೦೨೫ರ ಜೂನಿನಲ್ಲಿ ಮುಂಬಯಿಯಲ್ಲಿ ನಡೆದ ಏಳು ಜನರ ರಗ್ಬಿಯ ಲೀಗಿನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಇತ್ತು. ಆದ್ದರಿಂದ ಈ ಆಟವನ್ನು ಪರಕೀಯವೆಂದು ತಳ್ಳಿಬಿಡುವ ಕಾಲ ಹೋಯಿತು.

ಆಟವನ್ನು ನೋಡದ ಓದುಗರಿಗಾಗಿ ಎರಡು ಮಾತು. ಹದಿನೈದು ಜನರ ಎರಡು ತಂಡಗಳು ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎಂಬತ್ತು ನಿಮಿಷ ಹೋರಾಡುತ್ತವೆ. ಕೈಯಿಂದ ಎಸೆಯುವಾಗ ಚೆಂಡು ಹಿಂದಕ್ಕೇ ಹೋಗತಕ್ಕದ್ದು. ಎದುರಾಳಿಯ ಗೆರೆಯನ್ನು ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ‘ಟ್ರೈ’. ಅದಕ್ಕೆ ಐದು ಅಂಕ. ಆಮೇಲೆ ಕಂಬಗಳ ನಡುವೆ ಒದ್ದು ದಾಟಿಸಿದರೆ ಇನ್ನೆರಡು. ಎದುರಾಳಿಯು ನಿಯಮ ಮುರಿದಾಗ ದೊರೆಯುವ ಪೆನಾಲ್ಟಿಯ ಒದೆತಕ್ಕೆ ಮೂರು. ಆಟ ನಡೆದಿರುವಾಗಲೇ ಚೆಂಡನ್ನು ನೆಲಕ್ಕೆ ತಾಕಿಸಿ ಒದೆಯುವ ‘ಡ್ರಾಪ್ ಗೋಲಿ’ಗೂ ಮೂರು. ಅಂದರೆ ಓಡಿ ಗಳಿಸುವದು ಒಂದು ಬಗೆ, ಒದ್ದು ಗಳಿಸುವದು ಇನ್ನೊಂದು ಬಗೆ. ಇದನ್ನು ಓದುಗರು ನೆನಪಿನಲ್ಲಿಡಬೇಕು; ನಮ್ಮ ವಾದವು ಇದರ ಮೇಲೆಯೇ ನಿಂತಿದೆ.

೨೦೨೩ರ ವಿಶ್ವಕಪ್ಪು ಫ್ರಾನ್ಸದಲ್ಲಿ ಸಪ್ಟೆಂಬರ ೮ಕ್ಕೆ ಆರಂಭವಾಗತಕ್ಕದ್ದಿತ್ತು. ಅದಕ್ಕೆ ಮುಂಚಿನ ವಾರಗಳಲ್ಲಿ ಫಿಜಿಯು ಟೊಂಗಾ, ಸಮೋವಾ, ಜಪಾನ ಈ ಮೂರೂ ತಂಡಗಳನ್ನು ಸೋಲಿಸಿತು. ಜಪಾನವನ್ನು ಅದರ ರಾಜಧಾನಿಯಲ್ಲಿಯೇ ೩೫-೧೨ರಿಂದ ಮಣಿಸಿತು. ನಾಂತ್ ನಗರದಲ್ಲಿ ಫ್ರಾನ್ಸಕ್ಕೆ ೩೪-೧೭ರಿಂದ ಸೋತಿತಾದರೂ ಒಂದು ವಾರದ ತರುವಾಯ, ಆಗಸ್ಟ್ ೨೬ರಂದು, ಲಂಡನ್ನಿನ ಟ್ವಿಕನಹ್ಯಾಮಿನಲ್ಲಿ ಇಂಗ್ಲೆಂಡವನ್ನು ೩೦-೨೨ರಿಂದ ಸೋಲಿಸಿತು. ಅದಕ್ಕೆ ಮುಂಚೆ ಫಿಜಿಯು ಇಂಗ್ಲೆಂಡವನ್ನು ಎಂದೂ ಸೋಲಿಸಿರಲಿಲ್ಲ. ೧೮೭೪ರಲ್ಲಿ ಬ್ರಿಟಿಷರ ಕೈಗೆ ಹೋಗಿ ೧೯೭೦ರಲ್ಲಿ ಸ್ವತಂತ್ರವಾದ, ಒಂಬತ್ತು ಲಕ್ಷದಷ್ಟು ಜನಸಂಖ್ಯೆಯ ಪುಟ್ಟ ದೇಶವೊಂದು ಆ ಆಟದ ತವರುಮನೆಯಲ್ಲಿಯೇ ಆ ಆಟವನ್ನು ಗೆದ್ದಿತು. ಸ್ವಾಭಿಮಾನವುಳ್ಳ ಯಾವ ಭಾರತೀಯನಿಗೆ ಈ ಸುದ್ದಿಯಿಂದ ಹರ್ಷವಾಗಲಿಕ್ಕಿಲ್ಲ? ನಮಗಂತೂ ಆಯಿತು.

ಆದರೆ ಹರ್ಷವು ತೂಕವನ್ನು ಮರೆಸಬಾರದು. ಫಿಜಿಯು ವಿಶ್ವಕಪ್ಪಿನಲ್ಲಿ ಐದು ಪಂದ್ಯಗಳನ್ನು ಆಡಿತು. ಬೋರ್ದೊದಲ್ಲಿ ವೇಲ್ಸಕ್ಕೆ ೩೨-೨೬ರಿಂದ ಸೋತಿತು. ಸಾಂತೆತಿಯೆನ್ನಿನಲ್ಲಿ ಆಸ್ಟ್ರೇಲಿಯವನ್ನು ೨೨-೧೫ರಿಂದ ಸೋಲಿಸಿತು. ೧೯೫೪ರ ನಂತರ ಆಸ್ಟ್ರೇಲಿಯದ ಮೇಲೆ ಅದು ಪಡೆದ ಮೊದಲ ಗೆಲವು ಅದು. ಜಾರ್ಜಿಯವನ್ನು ೧೭-೧೨ರಿಂದ ಹೇಗೋ ದಾಟಿತು. ತೂಲೂಸಿನಲ್ಲಿ ಪೋರ್ತುಗಾಲಕ್ಕೆ ೨೪-೨೩ರಿಂದ ಸೋತಿತು. ಪೋರ್ತುಗಾಲವು ವಿಶ್ವಕಪ್ಪಿನಲ್ಲಿ ಒಂದು ಪಂದ್ಯವನ್ನು ಗೆದ್ದದ್ದು ಅದೇ ಮೊದಲು. ಆದರೂ ಆಸ್ಟ್ರೇಲಿಯದ ಮೇಲಿನ ಗೆಲವಿನ ಬಲದಿಂದ ಎಂಟರ ಘಟ್ಟಕ್ಕೇರಿತು. ಅಲ್ಲಿ, ಅಕ್ಟೋಬರ ೧೫ರಂದು ಮಾರ್ಸೇಯಲ್ಲಿ, ಅದೇ ಇಂಗ್ಲೆಂಡಕ್ಕೆ ೩೦-೨೪ರಿಂದ ಸೋತು ಊರಿಗೆ ಮರಳಿತು.

ಈ ಐದು ಪಂದ್ಯಗಳ ಲೆಕ್ಕವನ್ನು ನಾವು ಕೂಡಿಸಿ ನೋಡಿದೆವು. ಫಿಜಿಯು ಗಳಿಸಿದ ಅಂಕಗಳು ೧೧೨, ಬಿಟ್ಟುಕೊಟ್ಟವು ೧೧೩. ಯಾವ ಪಂದ್ಯದಲ್ಲಿಯೂ ಅಂತರವು ಏಳನ್ನು ಮೀರಲಿಲ್ಲ. ನಾಲ್ಕುನೂರು ನಿಮಿಷಗಳ ಹೋರಾಟದ ಕೊನೆಗೆ ಒಂದೇ ಒಂದು ಅಂಕದ ವ್ಯತ್ಯಾಸ! ಆ ತಂಡವನ್ನು ಆಕಾಶಕ್ಕೇರಿಸಿದವರೂ ಪಾತಾಳಕ್ಕಿಳಿಸಿದವರೂ ಈ ಅಂಕೆಗಳ ಮುಂದೆ ಮೌನ ವಹಿಸಬೇಕಾಗುವದು. ಅದು ಯಾರಿಗೂ ಸುಲಭವಾಗಿ ಸೋಲುವ ತಂಡವಲ್ಲ, ಯಾರನ್ನೂ ಸುಲಭವಾಗಿ ಸೋಲಿಸುವ ತಂಡವೂ ಅಲ್ಲ. ಹಾಗಾದರೆ ಆ ಸಣ್ಣ ಅಂತರವು ಎಲ್ಲಿ ಹುಟ್ಟಿತು?

ವೇಲ್ಸದೊಡನೆಯ ಪಂದ್ಯವನ್ನು ನೋಡಿರಿ. ಇಬ್ಬರೂ ನಾಲ್ಕು ನಾಲ್ಕು ಟ್ರೈಗಳನ್ನು ಗಳಿಸಿದರು. ಅವುಗಳ ಮೇಲಿನ ಒದೆತಗಳಲ್ಲಿಯೂ ಸರಿಸಮಾನ. ವೇಲ್ಸಕ್ಕೆ ದೊರೆತ ಎರಡು ಪೆನಾಲ್ಟಿಗಳೇ ಆರು ಅಂಕಗಳ ಅಂತರವಾದವು. ಕೊನೆಯ ಕ್ಷಣದಲ್ಲಿ ಗೆರೆ ಎದುರಿಗೇ ಇರುವಾಗ ರಾಡ್ರಾಡ್ರಾನ ಕೈಯಿಂದ ಚೆಂಡು ಜಾರಿತು. ಲೋಕವೆಲ್ಲ ಅದನ್ನೇ ನೆನೆಯುತ್ತದೆ. ಆದರೆ ಮುಂಚೆ ಆದ ಎರಡು ತಪ್ಪುಗಳನ್ನು ಯಾರೂ ನೆನೆಯುವದಿಲ್ಲ. ಇನ್ನು ಇಂಗ್ಲೆಂಡದೊಡನೆಯ ಕಡೆಯ ಪಂದ್ಯ. ಅಲ್ಲಿ ಫಿಜಿಯು ಮೂರು ಟ್ರೈಗಳನ್ನು ಗಳಿಸಿತು, ಇಂಗ್ಲೆಂಡ ಎರಡನ್ನೇ. ೨೪-೧೦ರಷ್ಟು ಹಿಂದೆ ಬಿದ್ದ ತಂಡವು ೨೪-೨೪ಕ್ಕೆ ಬಂದು ನಿಂತಿತು. ಆಗ ಇಂಗ್ಲೆಂಡದ ನಾಯಕ ಓವನ್ ಫ್ಯಾರೆಲ್ ಒಂದು ಡ್ರಾಪ್ ಗೋಲು, ಒಂದು ಪೆನಾಲ್ಟಿ, ಹೀಗೆ ಆರು ಅಂಕಗಳನ್ನು ಒದ್ದು ಪಂದ್ಯವನ್ನು ಮುಗಿಸಿದನು. ಅಂದು ಅವನೊಬ್ಬನೇ ಕಾಲಿನಿಂದ ಗಳಿಸಿದ ಅಂಕಗಳು ಇಪ್ಪತ್ತು. ಓಟದಲ್ಲಿ ಫಿಜಿ ಗೆದ್ದಿತು. ಒದೆತದಲ್ಲಿಯೂ ಸಂಯಮದಲ್ಲಿಯೂ ಇಂಗ್ಲೆಂಡ ಗೆದ್ದಿತು.

ಇಂಗ್ಲೆಂಡದ ತಾಲೀಮಿನ ಪಂದ್ಯಗಳು ಹೇಗಿದ್ದವು? ನಾಲ್ಕರಲ್ಲಿ ಮೂರು ಸೋಲು. ವೇಲ್ಸಕ್ಕೆ, ಐರ್ಲೆಂಡಕ್ಕೆ, ಫಿಜಿಗೆ, ಮೂವರಿಗೂ ಅದು ಸೋತಿತ್ತು. ಆ ತಂಡಕ್ಕೆ ಭವಿಷ್ಯವಿಲ್ಲವೆಂದು ಅದರ ಸ್ವಂತ ಅಭಿಮಾನಿಗಳೇ ಹಣೆ ಬಡಿದುಕೊಂಡರು. ಆ ತಂಡವೇ ವಿಶ್ವಕಪ್ಪಿನ ತನ್ನ ಮೊದಲ ಪಂದ್ಯದಲ್ಲಿ, ಮೂರನೆಯ ನಿಮಿಷದಲ್ಲಿಯೇ ಒಬ್ಬ ಆಟಗಾರನನ್ನು ಕಳೆದುಕೊಂಡರೂ, ಆರ್ಜೆಂಟೀನವನ್ನು ೨೭-೧೦ರಿಂದ ಸೋಲಿಸಿತು. ಇಪ್ಪತ್ತೇಳು ಅಂಕಗಳೂ ಜಾರ್ಜ್ ಫೋರ್ಡನ ಕಾಲಿನಿಂದ ಬಂದವು. ಒಂದು ಟ್ರೈ ಕೂಡ ಇಲ್ಲ. ಅದು ಉಪಾಂತ್ಯದಲ್ಲಿ ದಕ್ಷಿಣ ಆಫ್ರಿಕಕ್ಕೆ ಒಂದೇ ಅಂಕದಿಂದ, ೧೬-೧೫ರಿಂದ, ಸೋತು ಕೊನೆಗೆ ಮೂರನೆಯ ಸ್ಥಾನವನ್ನು ಪಡೆಯಿತು. ನ್ಯೂಝೀಲೆಂಡದ ಉದಾಹರಣೆಯು ಇನ್ನೂ ಬೋಧಪ್ರದವಾದದ್ದು. ಆಗಸ್ಟ್ ೨೫ರಂದು ಅದು ದಕ್ಷಿಣ ಆಫ್ರಿಕಕ್ಕೆ ೩೫-೭ರಿಂದ ಸೋತಿತು. ಅದರ ಇತಿಹಾಸದಲ್ಲಿಯೇ ಅಷ್ಟು ದೊಡ್ಡ ಸೋಲು ಇರಲಿಲ್ಲ. ಅಕ್ಟೋಬರ ೨೮ರಂದು ಅವೇ ಎರಡು ತಂಡಗಳು ಅಂತಿಮ ಪಂದ್ಯದಲ್ಲಿ ಎದುರಾದವು. ಎರಡೂ ದಿನ ನ್ಯೂಝೀಲೆಂಡದ ಒಬ್ಬ ಆಟಗಾರನಿಗೆ ಹೊರಹೋಗುವ ಶಿಕ್ಷೆಯಾಗಿ ಹದಿನಾಲ್ಕು ಜನರಿಂದ ಆಡಬೇಕಾಯಿತು. ಆದರೆ ಎರಡನೆಯ ಸಲ ಅದು ಸೋತದ್ದು ೧೨-೧೧ರಿಂದ. ಇಪ್ಪತ್ತೆಂಟರ ಅಂತರವು ಒಂಬತ್ತು ವಾರಗಳಲ್ಲಿ ಒಂದಕ್ಕೆ ಇಳಿಯಿತು.

ಹಾಗಾದರೆ ತಾಲೀಮಿನ ಪಂದ್ಯಗಳು ನಿರರ್ಥಕವೆ? ಹಾಗೆ ನಾವು ಹೇಳುವದಿಲ್ಲ. ತಾಲೀಮು ಕನ್ನಡಿ, ಅದು ಜಾತಕವಲ್ಲ. ತಂಡದಲ್ಲಿ ಏನಿದೆ ಎಂಬದನ್ನು ಅದು ತೋರಿಸುವದು. ಋತುವಿನಲ್ಲಿ ಏನಾಗುವದು ಎಂಬದನ್ನು ಹೇಳಲಾರದು. ಫಿಜಿಯು ಯಾವ ದೊಡ್ಡ ತಂಡಕ್ಕೂ ಹೆಗಲೆಣೆಯಾಗಿ ನಿಲ್ಲಬಲ್ಲದೆಂದು ಕನ್ನಡಿಯು ತೋರಿಸಿತು, ಅದು ಸುಳ್ಳಾಗಲಿಲ್ಲ. ಆದರೆ ಟ್ವಿಕನಹ್ಯಾಮಿನಲ್ಲಿ ತಂಡದ ಆಟವನ್ನು ನಡೆಸಿದ ಕೇಲಬ್ ಮುಂಟ್ಸನು ವಿಶ್ವಕಪ್ಪಿನ ಮೊದಲ ಪಂದ್ಯಕ್ಕೆ ಮುಂಚೆಯೇ ಅಭ್ಯಾಸದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಬೀಳುವನೆಂದು ಕನ್ನಡಿಯು ಹೇಳಲಿಲ್ಲ. ಒಬ್ಬ ಬಿದ್ದರೆ ಆ ಸ್ಥಾನಕ್ಕೆ ಅಷ್ಟೇ ಪಳಗಿದ ಇನ್ನೊಬ್ಬ ಇದ್ದಾನೆಯೇ ಎಂಬ ಪ್ರಶ್ನೆಯನ್ನು ಗೆಲವಿನ ಸಂಭ್ರಮದಲ್ಲಿ ಯಾರೂ ಕೇಳಲಿಲ್ಲ. ಒಂದು ರೋಹಿಣಿ ಮಳೆ ಚೆನ್ನಾಗಿ ಬಿದ್ದ ಮಾತ್ರಕ್ಕೆ ಸುಗ್ಗಿ ಮನೆಗೆ ಬಂದಂತಾಗುವದಿಲ್ಲ. ಮುಂದೆ ಕಳೆ ಕೀಳಬೇಕು, ಹುಳ ಕಾಯಬೇಕು, ಕೊನೆಯ ಮಳೆಯ ದಾರಿ ನೋಡಬೇಕು.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳದೆ ವಿಧಿಯಿಲ್ಲ. ಫಿಜಿಯವರ ಆಟವನ್ನು ಹೊಗಳುವ ಪಾಶ್ಚಾತ್ಯ ಬರೆಹಗಾರರು ಅವರನ್ನು ಹುಟ್ಟು ಪ್ರತಿಭಾವಂತರೆಂದು, ಮನ ಬಂದಂತೆ ಆಡುವ ನಿಸರ್ಗದ ಮಕ್ಕಳೆಂದು ಬಣ್ಣಿಸುವ ವಾಡಿಕೆಯಿದೆ. ಇಂಗ್ಲೆಂಡ ಗೆದ್ದರೆ ಅದು ಯೋಜನೆ, ಪರಿಶ್ರಮ, ಬುದ್ಧಿ. ಫಿಜಿ ಗೆದ್ದರೆ ಅದು ಮಿಂಚು, ಮಾಯೆ, ರಕ್ತಗುಣ! ಈ ಹೊಗಳಿಕೆಯಲ್ಲಿ ಅವಜ್ಞೆಯು ಅಡಗಿದೆ. ನಮ್ಮ ದೇಶದ ಬಗೆಗೂ ಇಂಥ ಸ್ತುತಿಪಾಠಗಳನ್ನು ನಾವು ಬಹುಕಾಲ ಕೇಳಿದ್ದೇವೆ. ಭಾರತೀಯರು ಭಾವುಕರು, ಧ್ಯಾನಶೀಲರು, ಆದರೆ ಕಾರಭಾರ ನಡೆಸಲಾರರು ಎಂಬ ಮಾತನ್ನು ಸ್ತೋತ್ರದ ದನಿಯಲ್ಲಿಯೇ ನಮ್ಮ ಕಿವಿಯಲ್ಲಿ ಊದಿದರು. ಪ್ರತಿಭೆಯನ್ನು ಕೊಟ್ಟು ಪರಿಶ್ರಮವನ್ನು ಕಸಿದುಕೊಳ್ಳುವ ಹೊಗಳಿಕೆಯನ್ನು ಯಾವ ಜನಾಂಗವೂ ಸ್ವೀಕರಿಸಬಾರದು.

ನಿಜವೇನು? ಅವರ ೨೦೨೩ರ ಬಲದ ಹಿಂದೆ ಒಂದು ಸಂಸ್ಥೆಯಿತ್ತು. ಫಿಜಿಯ ಜೋಡು ದೋಣಿಗೆ ‘ದ್ರುವ’ ಎಂದು ಹೆಸರು. ಆ ಹೆಸರಿನ ತಂಡವೊಂದು ೨೦೨೨ರಲ್ಲಿ ಸೂಪರ್ ರಗ್ಬಿ ಸ್ಪರ್ಧೆಗೆ ಸೇರಿತು. ಅದಕ್ಕೆ ಮುಂಚೆ ಹೊಟ್ಟೆಪಾಡಿಗಾಗಿ ಆಡಬೇಕೆನ್ನುವ ಫಿಜಿಯ ಯುವಕನು ಫ್ರಾನ್ಸಕ್ಕೋ ಇಂಗ್ಲೆಂಡಕ್ಕೋ ನ್ಯೂಝೀಲೆಂಡಕ್ಕೋ ಹೋಗಲೇಬೇಕಾಗಿತ್ತು. ಮೊದಲನೆಯ ವರ್ಷ ದ್ರುವ ತಂಡವು ಹದಿನಾಲ್ಕು ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದಿತು. ಮರುವರ್ಷ ಮಾರ್ಚ್ ತಿಂಗಳಿನಲ್ಲಿ ಲೌತೋಕ ನಗರದಲ್ಲಿ, ಹಿಂದಿನ ವರ್ಷ ಪ್ರಶಸ್ತಿ ಪಡೆದ ಕ್ರುಸೇಡರ್ಸ್ ತಂಡವನ್ನು ೨೫-೨೪ರಿಂದ ಸೋಲಿಸಿತು. ಎಂಟರ ಘಟ್ಟವನ್ನೂ ಮುಟ್ಟಿತು. ವಾರವಾರವೂ ಕೂಡಿ ಆಡಿ, ಸೋತು, ಕಲಿತು ಬಂದ ಆ ಆಟಗಾರರಲ್ಲಿ ಅನೇಕರು ವಿಶ್ವಕಪ್ಪಿನ ತಂಡದಲ್ಲಿದ್ದರು. ಟ್ವಿಕನಹ್ಯಾಮಿನ ಗೆಲವನ್ನು ಬಿತ್ತಿದ್ದು ಆಗಸ್ಟಿನಲ್ಲಿ ಅಲ್ಲ; ಆ ಎರಡು ವರ್ಷಗಳ ಸೋಲುಗಳಲ್ಲಿ.

ಈಗ ೨೦೨೭ರ ಮಾತಿಗೆ ಬರೋಣ. ಈ ಸಲ ಇಪ್ಪತ್ತನಾಲ್ಕು ತಂಡಗಳು ಆಡತಕ್ಕವು; ಫಿಜಿಯು ಆರ್ಜೆಂಟೀನ, ಸ್ಪೇನ, ಕೆನಡಾ ದೇಶಗಳ ಗುಂಪಿನಲ್ಲಿದೆ. ಹದಿನಾರು ತಂಡಗಳು ಮುಂದಿನ ಘಟ್ಟಕ್ಕೆ ಹೋಗುವ ಕಾರಣ ಗುಂಪನ್ನು ದಾಟುವದು ಅದಕ್ಕೆ ಕಠಿಣವಾಗಲಿಕ್ಕಿಲ್ಲ. ಆಮೇಲಿನದೇ ನಿಜವಾದ ಕಣ. ೨೦೨೪ರಲ್ಲಿ ಕಾರ್ಡಿಫದಲ್ಲಿ ವೇಲ್ಸವನ್ನು ೨೪-೧೯ರಿಂದ, ೨೦೨೫ರಲ್ಲಿ ಸುವಾದಲ್ಲಿ ಸ್ಕಾಟ್ಲೆಂಡವನ್ನು ೨೯-೧೪ರಿಂದ ಫಿಜಿ ಸೋಲಿಸಿದೆ. ಎರಡೂ ವರ್ಷ ಶಾಂತಸಾಗರ ರಾಷ್ಟ್ರಗಳ ಕಪ್ಪನ್ನು ಗೆದ್ದಿದೆ. ಆದರೆ ೨೦೨೫ರ ಜುಲೈಯಲ್ಲಿ ಆಸ್ಟ್ರೇಲಿಯಕ್ಕೆ ೨೧-೧೮ರಿಂದ ಸೋತಿತು. ನವಂಬರಿನಲ್ಲಿ ಇಂಗ್ಲೆಂಡಕ್ಕೆ ೩೮-೧೮ರಿಂದ ಸೋತಿತು. ಮೊದಲಿನ ಸೋಲಿನಲ್ಲಿ ಹಳೆಯ ಸಣ್ಣ ಅಂತರವೇ ಕಾಣುತ್ತದೆ. ಎರಡನೆಯದರಲ್ಲಿ ಆ ಅಂತರವು ಹಿಗ್ಗಿದ್ದು ಚಿಂತೆಗೆ ಕಾರಣವಾಗಬೇಕು.

ಆದ್ದರಿಂದ ೨೦೨೭ರ ಸಿದ್ಧತೆಯ ಪಂದ್ಯಗಳು ಬಂದಾಗ ಅಂಕಪಟ್ಟಿಯನ್ನು ಬದಿಗಿರಿಸಿ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ. ಒದೆಯುವ ಕೆಲಸಕ್ಕೆ ಪಳಗಿದವರು ಒಬ್ಬನೋ ಇಬ್ಬರೋ? ಪಂದ್ಯಕ್ಕೆ ಎಷ್ಟು ಪೆನಾಲ್ಟಿಗಳನ್ನು ತಂಡವು ತನ್ನ ತಪ್ಪಿನಿಂದ ಕೊಡುತ್ತದೆ? ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಬದಲಿಯಾಗಿ ಬಂದವರು ಮೊದಲಿನವರ ಮಟ್ಟವನ್ನು ಕಾಯುತ್ತಾರೆಯೇ? ಈ ಮೂರಕ್ಕೂ ಸಮಾಧಾನಕರವಾದ ಉತ್ತರ ದೊರೆತರೆ, ತಾಲೀಮಿನ ಪಂದ್ಯಗಳೆಲ್ಲವನ್ನೂ ಸೋತಿದ್ದರೂ ಫಿಜಿಯ ಭವಿತವ್ಯದ ಬಗ್ಗೆ ಧೈರ್ಯದಿಂದಿರಬಹುದು. ಉತ್ತರ ದೊರೆಯದಿದ್ದರೆ ಇಂಗ್ಲೆಂಡವನ್ನು ಐವತ್ತು ಅಂಕಗಳಿಂದ ಸೋಲಿಸಿದರೂ ಪ್ರಯೋಜನವಿಲ್ಲ.

ಆದರೆ ಎಲ್ಲ ಹೊಣೆಯನ್ನೂ ಆಟಗಾರರ ಮೇಲೆ ಹೊರಿಸುವದು ನ್ಯಾಯವಲ್ಲ. ಪ್ರವಾಸದ ಪಂದ್ಯಗಳಲ್ಲಿ ದ್ವಾರದ ಹಣವು ಅತಿಥೇಯ ಸಂಘಕ್ಕೇ ಸೇರುವ ಪದ್ಧತಿಯು ಬಹುಕಾಲದಿಂದ ನಡೆದು ಬಂದಿದೆ. ತುಂಬಿದ ದೊಡ್ಡ ಕ್ರೀಡಾಂಗಣಗಳಲ್ಲಿ ಆಡಿಯೂ ಬಡ ದೇಶದ ಸಂಘವು ಬರಿಗೈಯಿಂದ ಮರಳುವದು. ನ್ಯೂಝೀಲೆಂಡದ ಸೆವು ರೀಸ್, ಆಸ್ಟ್ರೇಲಿಯದ ಮರೀಕ ಕೊರೊಯಿಬೇಟೆ ಇಬ್ಬರೂ ಫಿಜಿಯಲ್ಲಿ ಹುಟ್ಟಿದವರೇ. ಅವರನ್ನು ನಾವು ನಿಂದಿಸುವದಿಲ್ಲ. ಅನ್ನ ಇದ್ದಲ್ಲಿಗೆ ಮನುಷ್ಯನು ಹೋಗುವನು. ಆದರೆ ಕಚ್ಚಾ ಹತ್ತಿಯನ್ನು ಒಯ್ದು ಬಟ್ಟೆಯನ್ನು ಮಾರುವ ವ್ಯಾಪಾರವನ್ನು ನಮ್ಮ ದೇಶವು ಚೆನ್ನಾಗಿ ಬಲ್ಲದು. ೨೦೨೬ರಿಂದ ಗೊತ್ತು ಮಾಡಿದ ಹನ್ನೆರಡು ರಾಷ್ಟ್ರಗಳ ಹೊಸ ಸ್ಪರ್ಧೆಯಲ್ಲಿ ಫಿಜಿಗೆ ಸ್ಥಾನ ದೊರೆತದ್ದು ಸಂತೋಷದ ಸಂಗತಿ. ಸ್ಥಾನದ ಜೊತೆಗೆ ಉತ್ಪನ್ನದಲ್ಲಿ ನ್ಯಾಯವಾದ ಪಾಲೂ ದೊರೆಯಬೇಕು. ಹಣದ ಅಡಚಣೆಯಿಂದ ಅದು ತನ್ನ ಪಾಲಿನ ಪಂದ್ಯಗಳನ್ನು ತನ್ನ ನೆಲ ಬಿಟ್ಟು ಪರಸ್ಥಳದಲ್ಲಿ ಆಡಬೇಕಾದ ಪ್ರಸಂಗ ಬರಬಾರದು. ಸುವಾದ ಹುಡುಗನು ತನ್ನ ಊರಿನ ಬಯಲಿನಲ್ಲಿಯೇ ಇಂಗ್ಲೆಂಡದ ತಂಡವನ್ನು ನೋಡಿದಾಗಲೇ ಅವನ ಮನಸ್ಸಿನ ಅಂಜಿಕೆ ಹೋಗುವದು.

ಪೈಲವಾನನ ಮಾತಿನಿಂದ ಈ ಲೇಖವನ್ನು ಆರಂಭಿಸಿದೆವು, ಅದರಿಂದಲೇ ಮುಗಿಸುವೆವು. ತಾಲೀಮಿನಲ್ಲಿ ಗೆದ್ದವನಿಗೆ ಉಸ್ತಾದನು ಹಾರ ಹಾಕುವದಿಲ್ಲ. ಅವನು ಯಾವ ಪಟ್ಟಿನಲ್ಲಿ ಕಾಲು ಸಡಿಲು ಬಿಟ್ಟನೆಂಬದನ್ನು ತೋರಿಸಿ ಇನ್ನೊಂದು ನೂರು ಬೈಠಕ್ಕು ಹೊಡೆಸುವನು. ಫಿಜಿಗೆ ಹಾರ ಹಾಕುವವರು ಲೋಕದಲ್ಲಿ ಬಹಳ ಜನರಿದ್ದಾರೆ. ೧೧೨ಕ್ಕೂ ೧೧೩ಕ್ಕೂ ನಡುವಿನ ಆ ಒಂದು ಅಂಕವನ್ನು ಎತ್ತಿ ತೋರಿಸುವ ಉಸ್ತಾದನು ಅದಕ್ಕೆ ಬೇಕಾಗಿದ್ದಾನೆ. ಆ ಅಂಕವನ್ನು ಅದು ಗಳಿಸಿದ ದಿನ ನಾವೂ ಈ ದೂರದ ಊರಿನಿಂದ ಸಂತೋಷಪಡುವೆವು. ಅಲ್ಲಿಯ ವರೆಗೆ ಭವಿಷ್ಯವನ್ನು ನುಡಿಯಲಾರೆವು.